ಹಳೆಯ ಗಾಡಿಯ ಮಾರಾಟ: ಹಣ ಯಾವ ದಾರಿಯಲ್ಲಿ ಬರಬೇಕು, ಯಾವಾಗ ಕೀಲಿಕೈ ಕೊಡಬೇಕು

ಜೂನ್ ತಿಂಗಳಲ್ಲಿ ಶಾಲೆ ಕಾಲೇಜುಗಳು ತೆರೆಯುವ ಹೊತ್ತಿಗೆ ಜತ್ತ ತಾಲ್ಲೂಕಿನ ನಮ್ಮ ಕನ್ನಡ ಮನೆಗಳಲ್ಲಿ ಎರಡು ಬಗೆಯ ವಾಹನ ವ್ಯವಹಾರಗಳು ನಡೆಯುತ್ತವೆ. ಹತ್ತನೆಯ ತರಗತಿ ಮುಗಿಸಿದ ಮಗಳನ್ನು ವಿಜಯಪುರಕ್ಕೋ ಸಾಂಗಲಿಗೋ ಓದಲು ಕಳುಹಿಸಬೇಕೆಂದು ತಂದೆ ತನ್ನ ಮೋಟಾರ್‌ಸೈಕಲನ್ನು ಮಾರುತ್ತಾನೆ. ಇನ್ನೊಂದು ಮನೆಯವರು, ಮಕ್ಕಳನ್ನು ದೂರದ ಕನ್ನಡ ಪ್ರೌಢಶಾಲೆಗೆ ಬಿಟ್ಟು ಬರಲು ಹಳೆಯ ಗಾಡಿಯೊಂದನ್ನು ಕೊಳ್ಳುತ್ತಾರೆ. ಇಂಥ ವ್ಯವಹಾರ ಅಂಗಡಿಯಲ್ಲಿ ನಡೆಯುವುದಿಲ್ಲ; ಪರಿಚಯದವರ ಮಾತಿನ ಮೇಲೆ, ದಲಾಲಿಯ ಮಧ್ಯಸ್ಥಿಕೆಯಲ್ಲಿ ಅಥವಾ ಮೊಬೈಲಿನಲ್ಲಿ ಕಂಡ ಜಾಹೀರಾತಿನ ಮೂಲಕ ನಡೆಯುತ್ತದೆ. ಪಾಲಕರು ಕಾಗದಗಳನ್ನು ಓದಿಸಿಕೊಳ್ಳಲು ನಮ್ಮ ಬಳಿ ತರುವುದುಂಟು. ದುಃಖದ ಸಂಗತಿಯೆಂದರೆ, ಬಹುತೇಕ ಅವರು ಬರುವುದು ವ್ಯವಹಾರ ಮುಗಿದ ಮೇಲೆ.

ಮಾಡಗ್ಯಾಳದ ಸಂತೆಯಲ್ಲಿ ಕುರಿ ಕೊಳ್ಳುವ ರೀತಿ ನಮಗೆಲ್ಲ ಗೊತ್ತು. ಹಣ ಎಣಿಸಿ ಕೊಟ್ಟೊಡನೆ ಹಗ್ಗ ಕೈ ಬದಲಿಸುತ್ತದೆ, ವ್ಯವಹಾರ ಅಲ್ಲಿಗೇ ಮುಗಿಯುತ್ತದೆ. ಕುರಿಗೆ ಸರಕಾರಿ ನೋಂದಣಿ ಇಲ್ಲ. ವಾಹನಕ್ಕೆ ಇದೆ. ಗಾಡಿ ಕೊಂಡವನ ಅಂಗಳ ಸೇರಿದ ಮೇಲೂ ಪುಸ್ತಕದಲ್ಲಿ ಮಾರಿದವನ ಹೆಸರು ಉಳಿದಿರಬಹುದು; ಹಣ ಸಂದಾಯವಾದ ಮೇಲೂ ಕೊಂಡವನಿಗೆ ಗಾಡಿ ಕಾನೂನಿನ ಪ್ರಕಾರ ತನ್ನದಾಗದಿರಬಹುದು. ಆದ್ದರಿಂದ ಪಾವತಿಯ ವಿಧಾನವನ್ನು ಆರಿಸುವಾಗ ಹಣ, ಕಾಗದ, ಕೀಲಿಕೈ ಈ ಮೂರೂ ಒಂದೇ ಗಳಿಗೆಯಲ್ಲಿ, ಇಬ್ಬರ ಕಣ್ಣೆದುರಿನಲ್ಲಿ ಕೈ ಬದಲಿಸುವಂತೆ ನೋಡಿಕೊಳ್ಳಬೇಕು. ಯಾವ ವಿಧಾನವು ಇದಕ್ಕೆ ಅವಕಾಶ ಕೊಡುವುದೋ ಅದೇ ಸುರಕ್ಷಿತ ವಿಧಾನ.

ಕಾನೂನು ಏನು ಹೇಳುತ್ತದೆ

1988ರ ಮೋಟಾರು ವಾಹನ ಕಾಯ್ದೆಯ 50ನೆಯ ಕಲಮಿನ ಪ್ರಕಾರ, ಅದೇ ರಾಜ್ಯದಲ್ಲಿ ನೋಂದಣಿಯಾದ ವಾಹನವನ್ನು ಮಾರಿದವನು 14 ದಿನಗಳೊಳಗೆ ಸಾರಿಗೆ ಕಚೇರಿಗೆ ವರದಿ ಮಾಡಬೇಕು. ಕೊಂಡವನು 30 ದಿನಗಳೊಳಗೆ ತನ್ನ ವಾಸಸ್ಥಳದ ಸಾರಿಗೆ ಕಚೇರಿಗೆ ತಿಳಿಸಬೇಕು. ಇದಕ್ಕಾಗಿ ಇರುವವೇ 29 ಮತ್ತು 30ನೆಯ ನಮೂನೆಗಳು. ಈ ಎರಡು ಹಾಳೆಗಳನ್ನು ಖಾಲಿ ಬಿಟ್ಟು ಸಹಿ ಮಾತ್ರ ಹಾಕಿ ದಲಾಲಿಯ ಕೈಗೆ ಕೊಡುವ ಪದ್ಧತಿ ನಮ್ಮಲ್ಲಿ ಎಷ್ಟು ಬೇರೂರಿದೆಯೆಂದರೆ, ಬೇಡವೆಂದವರನ್ನೇ ಜನ ವಿಚಿತ್ರವಾಗಿ ನೋಡುತ್ತಾರೆ.

ಸುಪ್ರೀಂ ಕೋರ್ಟು 2018ರ ಫೆಬ್ರವರಿ 6ರಂದು ತೀರ್ಪಿತ್ತ ಪ್ರಕರಣವೊಂದನ್ನು ಇಲ್ಲಿ ನೆನೆಯಬೇಕು. ಒಬ್ಬರು 2007ರಲ್ಲಿ ಕಾರು ಮಾರಿದ್ದರು. ಆ ಕಾರು ಕೈಯಿಂದ ಕೈಗೆ ದಾಟಿತು, ಆದರೆ ನೋಂದಣಿಯಲ್ಲಿ ಮೊದಲ ಮಾಲೀಕರ ಹೆಸರೇ ಉಳಿಯಿತು. 2009ರಲ್ಲಿ ಅದೇ ಕಾರಿನಿಂದ ಅಪಘಾತವಾಗಿ ಒಂದು ಜೀವ ಹೋಯಿತು. ಪರಿಹಾರದ ಹೊಣೆ ಯಾರದು ಎಂಬ ಪ್ರಶ್ನೆಗೆ ನ್ಯಾಯಾಲಯವು ಕೊಟ್ಟ ಉತ್ತರ: ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಹೊಣೆಯೂ ಅವರದೇ. ನಾವು ಬಲ್ಲ ಒಂದು ಮನೆಗೂ, ಗಾಡಿ ಮಾರಿ ಮೂರು ವರ್ಷಗಳಾದ ಮೇಲೆ, ತಾವು ಎಂದೂ ಹೋಗದ ಊರಿನ ದಂಡದ ನೋಟೀಸು ಬಂದಿತ್ತು. ದಂಡ ಚಿಕ್ಕದು, ಕಟ್ಟಿದರು. ಅಪಘಾತವಾಗಿದ್ದರೆ ಹೊಲವೇ ಹೋಗುತ್ತಿತ್ತು.

ಹೀಗಾಗಿ ಮಾರುವವರ ಎದುರಿಗೆ ಎರಡು ಅಪಾಯಗಳಿವೆ: ಹಣ ಬಾರದಿರುವುದು ಮತ್ತು ಹೆಸರು ಹೋಗದಿರುವುದು. ಕೊಳ್ಳುವವರ ಅಪಾಯ ಇದಕ್ಕೆ ಪ್ರತಿಯಾದದ್ದು: ಹಣ ಹೋಗಿ ಹೆಸರು ಬಾರದಿರುವುದು.

ನಗದು

ಮೂವತ್ತು ನಲವತ್ತು ಸಾವಿರದ ಮೋಟಾರ್‌ಸೈಕಲಿಗೆ ನಗದು ಇಂದಿಗೂ ಕೆಟ್ಟ ವಿಧಾನವಲ್ಲ. ಎಣಿಸಿದರೆ ಕಾಣುತ್ತದೆ, ಕೊಟ್ಟ ಮೇಲೆ ಹಿಂದಕ್ಕೆ ಹೋಗುವುದಿಲ್ಲ. ಖೋಟಾ ನೋಟಿನ ಭಯ ಮತ್ತು ದಾರಿಯಲ್ಲಿ ಕಳವಾಗುವ ಭಯ ಎರಡಕ್ಕೂ ಒಂದೇ ಪರಿಹಾರವಿದೆ. ಹಣದ ವ್ಯವಹಾರವನ್ನು ಮಾರುವವರ ಖಾತೆಯಿರುವ ಬ್ಯಾಂಕಿನಲ್ಲಿಯೇ ನಡೆಸಬೇಕು. ಕೊಳ್ಳುವವರು ಅಲ್ಲಿಯೇ ಕೊಡಲಿ, ಕೌಂಟರಿನ ಯಂತ್ರ ಎಣಿಸಲಿ, ಹಣ ನೇರವಾಗಿ ಖಾತೆಗೆ ಜಮೆಯಾಗಲಿ. ಜಮೆಯ ಚೀಟಿಯೇ ಅರ್ಧ ಸಾಕ್ಷ್ಯವಾಗುತ್ತದೆ. ಉಳಿದರ್ಧಕ್ಕೆ ರಸೀದಿ ಬೇಕು. 5,000 ರೂಪಾಯಿ ಮೀರಿದ ರಸೀದಿಗೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪು ಅಂಟಿಸಿ ಅದರ ಮೇಲೆ ಸಹಿ ಮಾಡುವುದನ್ನು ಮರೆಯಬಾರದು.

ಕಾರು, ಟ್ರ್ಯಾಕ್ಟರುಗಳ ವಿಷಯದಲ್ಲಿ ನಗದು ಬೇಡ. ಒಂದು ವ್ಯವಹಾರಕ್ಕೆ ಸಂಬಂಧಿಸಿ 2 ಲಕ್ಷ ಅಥವಾ ಅದಕ್ಕೂ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2017ರ ಏಪ್ರಿಲ್ 1ರಿಂದ ನಿಷೇಧಿಸಿದೆ. ಮೊತ್ತವನ್ನು ನಾಲ್ಕು ಕಂತುಗಳಾಗಿ ಒಡೆದರೂ ವ್ಯವಹಾರ ಒಂದೇ ಎಂದು ಎಣಿಸಲಾಗುತ್ತದೆ. ದಂಡ ಬೀಳುವುದು ಹಣ ಪಡೆದವರಿಗೆ, ಪಡೆದಷ್ಟೇ ಮೊತ್ತದ್ದು. ದ್ರಾಕ್ಷಿ, ದಾಳಿಂಬೆಯ ಹಣ ಕೈಗೆ ಬಂದಾಗ ಟ್ರ್ಯಾಕ್ಟರನ್ನು ಚೀಲದಲ್ಲಿ ನೋಟು ತಂದು ಕೊಳ್ಳುವುದು ಕೆಲವರಿಗೆ ಗೌರವದ ಸಂಗತಿ. ಆ ಗೌರವಕ್ಕೆ ತೆರುವ ಬೆಲೆಯನ್ನು ಮಾರುವವರು ಮೊದಲೇ ತಿಳಿದಿರಲಿ.

ಮೊಬೈಲಿನ ಪಾವತಿ

ಯುಪಿಐ ನಮ್ಮ ಊರುಗಳ ಚಹಾದಂಗಡಿಯನ್ನೂ ತಲುಪಿದೆ. ವ್ಯಕ್ತಿಯಿಂದ ವ್ಯಕ್ತಿಗೆ ದಿನವೊಂದಕ್ಕೆ ಸಾಮಾನ್ಯವಾಗಿ 1 ಲಕ್ಷ ರೂಪಾಯಿ ಕಳುಹಿಸಬಹುದು. ಕೆಲವು ಬ್ಯಾಂಕುಗಳ ಮಿತಿ ಇನ್ನೂ ಕಡಿಮೆ. ದ್ವಿಚಕ್ರ ವಾಹನಕ್ಕೆ ಇದು ಸಾಕು. ಕೊಳ್ಳುವವರು ಮೊದಲು ಒಂದು ರೂಪಾಯಿ ಕಳುಹಿಸಲಿ. ತೆರೆಯ ಮೇಲೆ ಕಾಣುವ ಹೆಸರು ಆರ್‌ಸಿಯಲ್ಲಿರುವ ಹೆಸರೇ ಎಂದು ನೋಡಲಿ. ಮಾರುವವರು ಆ ರೂಪಾಯಿ ಬಂತೆಂದು ಹೇಳಿದ ಮೇಲೆ ಉಳಿದದ್ದನ್ನು ಕಳುಹಿಸಲಿ.

ಯುಪಿಐ ಹೆಸರಿನಲ್ಲಿ ನಡೆಯುವ ಮೋಸಗಳಲ್ಲಿ ಹೆಚ್ಚಿನವು ಎರಡು ಬಗೆಯವು. ಮೊದಲನೆಯದರಲ್ಲಿ ಕೊಳ್ಳುವವನು ‘ಹಣ ಹಾಕಿದ್ದೇನೆ’ ಎಂದು ಮೊಬೈಲಿನ ಚಿತ್ರವೊಂದನ್ನು ತೋರಿಸುತ್ತಾನೆ. ಅಂಥ ಚಿತ್ರವನ್ನು ಯಾರು ಬೇಕಾದರೂ ತಯಾರಿಸಬಹುದು. ಬ್ಯಾಂಕಿನದೆಂಬಂತೆ ಕಾಣುವ ಸಂದೇಶವನ್ನೂ ಸಾಮಾನ್ಯ ಹತ್ತಂಕಿಯ ಸಂಖ್ಯೆಯಿಂದ ಕಳುಹಿಸಬಹುದು. ನಂಬಬೇಕಾದದ್ದು ಒಂದನ್ನೇ: ನಿಮ್ಮ ಮೊಬೈಲಿನಲ್ಲಿ ನೀವೇ ತೆರೆದು ನೋಡಿದ ನಿಮ್ಮ ಖಾತೆಯ ಶಿಲ್ಕು. ಎರಡನೆಯ ಬಗೆಯವನು ಎಂದೂ ಎದುರಿಗೆ ಬರುವುದಿಲ್ಲ. ತಾನು ಸೈನಿಕ, ವರ್ಗಾವಣೆಯಾಗಿದೆ, ಗಾಡಿ ನೋಡದೆಯೇ ಕೊಳ್ಳುತ್ತೇನೆ ಎನ್ನುತ್ತಾನೆ. ‘ಈ ಕ್ಯೂಆರ್ ಚಿತ್ರವನ್ನು ಸ್ಕ್ಯಾನ್ ಮಾಡಿ, ಪಿನ್ ಒತ್ತಿ, ಹಣ ನಿಮಗೆ ಬರುತ್ತದೆ’ ಎನ್ನುತ್ತಾನೆ. ಯುಪಿಐಯಲ್ಲಿ ಪಿನ್ ಒತ್ತುವುದು ಹಣ ಕೊಡುವುದಕ್ಕೆ ಮಾತ್ರ. ಹಣ ಪಡೆಯಲು ಪಿನ್ ಬೇಕಿಲ್ಲ, ಸ್ಕ್ಯಾನ್ ಬೇಕಿಲ್ಲ, ಒಟಿಪಿಯೂ ಬೇಕಿಲ್ಲ. 2025ರ ಅಕ್ಟೋಬರ್ 1ರಿಂದ ವ್ಯಕ್ತಿಗಳ ನಡುವಿನ ‘ಹಣದ ಕೋರಿಕೆ’ ಸೌಲಭ್ಯವನ್ನು ನಿಲ್ಲಿಸಿರುವುದು ಇಂಥ ಮೋಸಗಳ ಕಾರಣದಿಂದಲೇ; ಆದರೆ ಕ್ಯೂಆರ್ ಚಿತ್ರದ ದಾರಿ ಇನ್ನೂ ತೆರೆದೇ ಇದೆ.

ಇಲ್ಲಿ ಪಾಲಕರಿಗೆ ಒಂದು ಮಾತನ್ನು ಹೇಳಲೇಬೇಕು. ಅನೇಕ ಮನೆಗಳಲ್ಲಿ ಇಂಗ್ಲಿಷ್ ಸಂದೇಶಗಳನ್ನು ಓದಿ ಹೇಳುವವರು ಏಳನೆಯ ಎಂಟನೆಯ ತರಗತಿಯ ಮಕ್ಕಳು. ಅವರೇ ಮೊಬೈಲು ಹಿಡಿದು, ಅವರೇ ಪಿನ್ ಒತ್ತುತ್ತಾರೆ. ಓದಿ ಹೇಳಲಿ, ಪಿನ್ ಮಾತ್ರ ಅವರಿಗೆ ತಿಳಿದಿರಬಾರದು. ದೊಡ್ಡವರ ಗಡಿಬಿಡಿಯಲ್ಲಿ ಮಗು ಒತ್ತಿದ ಒಂದು ಗುಂಡಿಯಿಂದ ಹಣ ಹೋದರೆ, ಆ ತಪ್ಪಿತಸ್ಥ ಭಾವವನ್ನು ಮಗು ಬಹುಕಾಲ ಹೊರುತ್ತದೆ. ಭೀಮ್ ಆ್ಯಪಿನಲ್ಲಿ ಕನ್ನಡವನ್ನು ಆರಿಸಿಕೊಳ್ಳಲು ಅವಕಾಶವಿದೆ. ಅದನ್ನು ಇಂದೇ ಬದಲಿಸಿಕೊಂಡರೆ ‘ಕಳುಹಿಸು’ ಮತ್ತು ‘ಪಡೆ’ ಎಂಬುದರ ವ್ಯತ್ಯಾಸವನ್ನು ಮನೆಯ ಹಿರಿಯರೇ ಓದಿಕೊಳ್ಳಬಹುದು.

ಬ್ಯಾಂಕಿನಿಂದ ಬ್ಯಾಂಕಿಗೆ

ಲಕ್ಷ ಮೀರಿದ ವ್ಯವಹಾರಕ್ಕೆ ನಮ್ಮ ಆಯ್ಕೆ ಇದೇ. 2 ಲಕ್ಷ ಮತ್ತು ಅದಕ್ಕೂ ಹೆಚ್ಚಿನ ಮೊತ್ತಕ್ಕೆ ಆರ್‌ಟಿಜಿಎಸ್ ಇದೆ. ಹಣ ತಲುಪಿದ ಬ್ಯಾಂಕು ಅರ್ಧ ಗಂಟೆಯೊಳಗೆ ಅದನ್ನು ಖಾತೆಗೆ ಜಮೆ ಮಾಡಬೇಕೆಂಬ ನಿಯಮವಿದೆ. ಎನ್‌ಇಎಫ್‌ಟಿಗೆ ಕನಿಷ್ಠ ಮೊತ್ತವಿಲ್ಲ. ಅರ್ಧ ಗಂಟೆಗೊಂದು ಸರದಿಯಂತೆ ನಡೆಯುವುದರಿಂದ ಸ್ವಲ್ಪ ತಡವಾಗಬಹುದು. ಐಎಂಪಿಎಸ್ ಮೂಲಕ 5 ಲಕ್ಷದವರೆಗೆ ಕೂಡಲೇ ಹೋಗುತ್ತದೆ. ಮೊಬೈಲ್ ಬ್ಯಾಂಕಿಂಗ್ ಇದ್ದವರಿಗೆ ಇವು ಹಗಲು ರಾತ್ರಿ ಲಭ್ಯ; ಇಲ್ಲದವರು ಶಾಖೆಯ ವೇಳೆಯಲ್ಲಿ ಹೋಗಿ ಅರ್ಜಿ ತುಂಬಬೇಕು. ಹಿಂದೆ ಖಾತೆ ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಿದರೆ ಹಣ ಇನ್ನೊಬ್ಬರಿಗೆ ಹೋಗುವ ಭಯವಿತ್ತು. ರಿಸರ್ವ್ ಬ್ಯಾಂಕಿನ ಸೂಚನೆಯಂತೆ 2025ರ ಏಪ್ರಿಲ್‌ನಿಂದ, ಆರ್‌ಟಿಜಿಎಸ್ ಮತ್ತು ಎನ್‌ಇಎಫ್‌ಟಿಗೆ ಮುನ್ನ ಪಡೆಯುವವರ ಹೆಸರನ್ನು ನೋಡಿಕೊಳ್ಳುವ ಸೌಲಭ್ಯ ಬಂದಿದೆ. ಶಾಖೆಯಲ್ಲಿ ಅರ್ಜಿ ಕೊಡುವವರೂ ಕೇಳಿ ಪಡೆಯಬಹುದು.

ಉತ್ತಮ ಕ್ರಮವೆಂದರೆ, ಇಬ್ಬರೂ ಕೂಡಿ ಕೊಳ್ಳುವವರ ಬ್ಯಾಂಕಿಗೆ ಬೆಳಗಿನ ವೇಳೆಯಲ್ಲಿ ಹೋಗುವುದು. ಅರ್ಜಿ ಕೊಟ್ಟ ಮೇಲೆ ಸಿಗುವ ಸಂಖ್ಯೆಯನ್ನು ಬರೆದುಕೊಂಡು, ಮಾರುವವರ ಖಾತೆಯಲ್ಲಿ ಹಣ ಕಾಣುವ ತನಕ ಇಬ್ಬರೂ ಅಲ್ಲಿಯೇ ಕುಳಿತಿರುವುದು. ಹಣ ಕಂಡ ಮೇಲೆ ಆರ್‌ಸಿ, ತುಂಬಿದ ನಮೂನೆಗಳು, ಕೀಲಿಕೈ. ‘ಬ್ಯಾಂಕಿನವರು ಕಳುಹಿಸಿದ್ದಾರೆ, ಸಂಜೆ ಬರುತ್ತದೆ’ ಎಂಬ ಮಾತಿಗೆ ಗಾಡಿಯನ್ನು ಕೊಡುವುದೆಂದರೆ ಸಾಲ ಕೊಟ್ಟಂತೆಯೇ.

ಹಣ ಯಾವ ಖಾತೆಯಿಂದ ಬರುತ್ತಿದೆ ಎಂಬುದನ್ನೂ ನೋಡಬೇಕು. 30ನೆಯ ನಮೂನೆಯಲ್ಲಿ ಕೊಳ್ಳುವವರೆಂದು ಯಾರ ಹೆಸರಿದೆಯೋ ಅವರ ಖಾತೆಯಿಂದಲೇ ಹಣ ಬರಲಿ. ‘ಗೆಳೆಯನ ಖಾತೆಯಿಂದ ಹಾಕಿಸುತ್ತೇನೆ’ ಎಂದರೆ ಒಪ್ಪಬೇಡಿ. ವಂಚನೆಯಿಂದ ದೋಚಿದ ಹಣ ನಿಮ್ಮ ಖಾತೆಗೆ ಬಂದರೆ, ದೂರಿನ ಜಾಡು ಹಿಡಿದು ಬರುವ ಸೈಬರ್ ಪೊಲೀಸರ ಸೂಚನೆಯಂತೆ ಬ್ಯಾಂಕು ಆ ಮೊತ್ತವನ್ನು, ಕೆಲವೊಮ್ಮೆ ಇಡೀ ಖಾತೆಯನ್ನೇ ತಡೆಹಿಡಿಯುತ್ತದೆ. ಗಾಡಿಯೂ ಹೋಗಿ, ವಿದ್ಯಾರ್ಥಿವೇತನ ಜಮೆಯಾಗುವ ಖಾತೆಯೂ ಬಂದಾದರೆ ಆ ಮನೆಯ ಪಾಡೇನು?

ಚೆಕ್ ಮತ್ತು ಡಿಡಿ

ಅಪರಿಚಿತರಿಂದ ಚೆಕ್ ಪಡೆಯಬೇಡಿ. ಮುಂದಿನ ದಿನಾಂಕದ ಚೆಕ್ಕನ್ನಂತೂ ಪರಿಚಿತರಿಂದಲೂ ಬೇಡ. ಪಡೆದೇ ಇದ್ದರೆ ಅದು ಚುಕ್ತಾ ಆಗುವ ತನಕ ಗಾಡಿ ನಿಮ್ಮ ಮನೆಯಲ್ಲಿಯೇ ನಿಲ್ಲಲಿ. ಚೆಕ್ಕಿನ ಆಯುಷ್ಯ ಮೂರು ತಿಂಗಳು. ಹಣವಿಲ್ಲದೆ ಮರಳಿದರೆ, ಬ್ಯಾಂಕಿನಿಂದ ಮಾಹಿತಿ ಬಂದ 30 ದಿನಗಳೊಳಗೆ ಬರಹದಲ್ಲಿ ನೋಟೀಸು ಕೊಡಬೇಕು. ನೋಟೀಸು ತಲುಪಿ 15 ದಿನಗಳಾದರೂ ಹಣ ಬಾರದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ನ್ಯಾಯಾಲಯಕ್ಕೆ ದೂರು ಕೊಡಬಹುದು. ಗಡಿಯವರಾದ ನಮಗೆ ಇದರಲ್ಲಿ ಒಂದು ಅನುಕೂಲವಿದೆ. 2015ರ ತಿದ್ದುಪಡಿಯ ನಂತರ, ನೀವು ಚೆಕ್ಕನ್ನು ನಿಮ್ಮ ಖಾತೆಗೆ ಹಾಕಿದ್ದರೆ, ನಿಮ್ಮ ಖಾತೆಯ ಶಾಖೆ ಯಾವ ನ್ಯಾಯಾಲಯದ ವ್ಯಾಪ್ತಿಯಲ್ಲಿದೆಯೋ ಅಲ್ಲಿಯೇ ದೂರು ನಡೆಯುತ್ತದೆ. ಚೆಕ್ ಕೊಟ್ಟವನು ಚಡಚಣದವನಾದರೂ ಅಲೆದಾಟ ನಿಮಗಿಲ್ಲ.

ಡಿಡಿ ಚೆಕ್ಕಿಗಿಂತ ಗಟ್ಟಿ; ಹಣ ಮೊದಲೇ ಬ್ಯಾಂಕಿಗೆ ಸಂದಾಯವಾಗಿರುತ್ತದೆ. ಆದರೆ ಡಿಡಿಯನ್ನೂ ನಕಲು ಮಾಡುವವರಿದ್ದಾರೆ. 2018ರ ಸೆಪ್ಟೆಂಬರ್ 15ರಿಂದ ಡಿಡಿಯ ಮುಖದ ಮೇಲೆಯೇ ಅದನ್ನು ತೆಗೆಸಿದವರ ಹೆಸರು ಮುದ್ರಿತವಾಗಬೇಕು. ಆ ಹೆಸರು ಇಲ್ಲದಿದ್ದರೆ ಅಥವಾ ಬೇರೆಯವರದಾಗಿದ್ದರೆ ಅಲ್ಲಿಯೇ ನಿಲ್ಲಿಸಿ. ಕೊಳ್ಳುವವರ ಜೊತೆಗೆ ಹೋಗಿ, ಕಣ್ಣೆದುರಿನಲ್ಲಿ ಡಿಡಿ ತೆಗೆಸುವುದು ಎಲ್ಲಕ್ಕಿಂತ ಮೇಲು.

ಗಡಿ ದಾಟುವ ಗಾಡಿ

ಉಮದಿ, ಸಂಖ, ಬಾಲಗಾಂವದವರಿಗೆ ಸಾಂಗಲಿಗಿಂತ ವಿಜಯಪುರ ಹತ್ತಿರ. ಬಿಳೂರಿನವರಿಗೆ ಅಥಣಿ ಪೇಟೆ ತವರುಮನೆಯಿದ್ದಂತೆ. ಸಂಬಂಧಗಳೂ ಸಂತೆಗಳೂ ಆಚೆ ಇರುವಾಗ ಗಾಡಿಗಳೂ ಆಚೆಯಿಂದ ಬರುವುದು ಸಹಜ. ಆದರೆ ಕೆಎ 28 ಸಂಖ್ಯೆಯ ಗಾಡಿಯನ್ನು ಕೊಂಡು ಎಂಎಚ್ 10ರ ನಾಡಿನಲ್ಲಿ ಹಾಗೆಯೇ ಓಡಿಸುತ್ತಿರಲು ಕಾನೂನು ಬಿಡುವುದಿಲ್ಲ. 12 ತಿಂಗಳು ಮೀರಿ ಇನ್ನೊಂದು ರಾಜ್ಯದಲ್ಲಿರುವ ವಾಹನಕ್ಕೆ ಅಲ್ಲಿಯ ಹೊಸ ಸಂಖ್ಯೆ ಪಡೆಯಬೇಕು. ಇದಕ್ಕೆ ಮೂಲ ಸಾರಿಗೆ ಕಚೇರಿಯ ನಿರಾಕ್ಷೇಪಣಾ ಪತ್ರ, ಅಂದರೆ ಜನ ಎನ್‌ಒಸಿ ಎನ್ನುವ ಕಾಗದ ಬೇಕು. ಅದರ ಅರ್ಜಿ 28ನೆಯ ನಮೂನೆ. ಆಮೇಲೆ ಇಲ್ಲಿಯ ತೆರಿಗೆಯನ್ನೂ ಕಟ್ಟಬೇಕು. ಅಗ್ಗವೆಂದು ತಂದ ಗಾಡಿ ಇಷ್ಟೆಲ್ಲ ಸೇರಿ ಅಗ್ಗವಾಗಿ ಉಳಿಯುವುದೇ ಎಂದು ಮೊದಲೇ ಲೆಕ್ಕ ಹಾಕಿ.

ಇಂಥ ವ್ಯವಹಾರದಲ್ಲಿ ಹಣ ಮತ್ತು ಕಾಗದ ಒಂದೇ ದಿನ ಕೈ ಬದಲಿಸಲಾರವು. ಎನ್‌ಒಸಿಗೆ ಸಮಯ ಹಿಡಿಯುತ್ತದೆ. ಆದ್ದರಿಂದ ಪಾವತಿಯನ್ನು ಎರಡಾಗಿ ಮಾಡಬೇಕು. ಮಾತು ಮುಗಿದ ದಿನ ಸಂಚಕಾರವೆಂದು ಅಲ್ಪ ಮೊತ್ತ, ಕಳೆದುಕೊಂಡರೂ ಮನೆ ಮುಳುಗದಷ್ಟು. ಮಾರುವವರು ಎನ್‌ಒಸಿ ಪಡೆದು ತೋರಿಸಿದ ದಿನ ಉಳಿದ ಹಣ, ಬ್ಯಾಂಕಿನಲ್ಲಿ. ಆ ತನಕ ಗಾಡಿ ಮಾರುವವರ ಬಳಿಯೇ ಇರಲಿ, ಅವರಿಗೂ ಅದೇ ಕ್ಷೇಮ. (ಸಂಚಕಾರ ಎಂಬ ಮಾತಿಗೆ ಮುಂಗಡವೆಂಬ ಅರ್ಥದ ಜೊತೆಗೆ ಆಪತ್ತು ಎಂಬ ಅರ್ಥವೂ ಏಕೆ ಬಂತೆಂದು ನಾವು ಆಗಾಗ ಯೋಚಿಸುವುದುಂಟು.) ಎಷ್ಟು ಕೊಟ್ಟಿರಿ, ಎನ್‌ಒಸಿ ಬಾರದಿದ್ದರೆ ಎಷ್ಟು ದಿನಗಳಲ್ಲಿ ಮರಳಿಸಬೇಕು ಎಂಬುದು ಬರಹದಲ್ಲಿರಲಿ. ಕಾಣದ ಗಾಡಿಗೆ, ಕಾಣದ ಮನುಷ್ಯನಿಗೆ, ‘ಇನ್ನೊಬ್ಬರು ಕಾಯುತ್ತಿದ್ದಾರೆ’ ಎಂಬ ಅವಸರಕ್ಕೆ ಒಂದು ರೂಪಾಯಿಯನ್ನೂ ಮುಂಗಡ ಕಳುಹಿಸಬೇಡಿ.

ಸಾಲ ತೀರದ ಗಾಡಿ

ಆರ್‌ಸಿಯಲ್ಲಿ ಬ್ಯಾಂಕಿನದೋ ಫೈನಾನ್ಸ್ ಕಂಪನಿಯದೋ ಹೆಸರಿದ್ದರೆ ಆ ಗಾಡಿ ಸಾಲಕ್ಕೆ ಒತ್ತೆಯಾಗಿದೆ ಎಂದರ್ಥ. ಸಾಲ ತೀರಿದ್ದರೆ ಅವರ ಪತ್ರ ಮತ್ತು ಅವರು ಸಹಿ ಮಾಡಿದ 35ನೆಯ ನಮೂನೆ ಬೇಕು. ಸಾಲ ಬಾಕಿಯಿದ್ದರೆ ಕೊಳ್ಳುವವರು ಬಾಕಿಯ ಮೊತ್ತವನ್ನು ಮಾರುವವರ ಕೈಗೆ ಕೊಡದೆ ನೇರವಾಗಿ ಸಾಲದ ಖಾತೆಗೆ ಕಟ್ಟಲಿ. ಹೆಚ್ಚಿನದ್ದು ಮಾತ್ರ ಮಾರುವವರಿಗೆ. ಪರಿವಾಹನ್ ಜಾಲತಾಣದಲ್ಲಿ ಗಾಡಿಯ ಸಂಖ್ಯೆ ಕೊಟ್ಟು ಸಾಲ, ವಿಮೆ, ಬಾಕಿ ದಂಡಗಳನ್ನು ನೋಡಬಹುದು. ಎಂಜಿನ್ ಮತ್ತು ಚಾಸಿ ಸಂಖ್ಯೆಗಳನ್ನು ಆರ್‌ಸಿಯೊಡನೆ ಹೋಲಿಸಿ ನೋಡುವ ಮುನ್ನ ಹಣದ ಮಾತೇ ಬೇಡ.

ಸಹಿ ಮತ್ತು ಭಾಷೆ

ರಿಸರ್ವ್ ಬ್ಯಾಂಕಿನ ನಿಯಮದಂತೆ ಬ್ಯಾಂಕಿನ ಅರ್ಜಿಗಳು ಹಿಂದಿ, ಇಂಗ್ಲಿಷ್ ಮತ್ತು ಆಯಾ ಪ್ರದೇಶದ ಭಾಷೆಯಲ್ಲಿರಬೇಕು. ಜತ್ತದಲ್ಲಿ ಆ ಪ್ರದೇಶಭಾಷೆ ಮರಾಠಿ. ಅದೇ ಬ್ಯಾಂಕಿನ ಅಥಣಿ ಶಾಖೆಯಲ್ಲಿ ಕನ್ನಡ. ಅಲ್ಲಿಗೆ ಹೋದಾಗ ಆರ್‌ಟಿಜಿಎಸ್ ಅರ್ಜಿಯೊಂದನ್ನು ತಂದು ಮಾದರಿಯಾಗಿ ಮನೆಯಲ್ಲಿಟ್ಟುಕೊಂಡರೆ, ಮರಾಠಿ ಅರ್ಜಿಯ ಯಾವ ಚೌಕದಲ್ಲಿ ಏನು ಬರೆಯಬೇಕೆಂಬುದು ಹೊಳೆಯುತ್ತದೆ.

ಮಾರಾಟದ ಪತ್ರವನ್ನು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಬರೆಸಿ, ಎರಡಕ್ಕೂ ಇಬ್ಬರೂ ಸಹಿ ಮಾಡಿ. ವಾಹನದ ಸಂಖ್ಯೆ, ಎಂಜಿನ್ ಮತ್ತು ಚಾಸಿ ಸಂಖ್ಯೆ, ಒಪ್ಪಿದ ಬೆಲೆ, ಹಣ ಬಂದ ವಿಧಾನ ಮತ್ತು ಅದರ ಸಂಖ್ಯೆ, ಗಾಡಿ ಕೊಟ್ಟ ದಿನಾಂಕ ಅಷ್ಟೇ ಅಲ್ಲದೆ ಗಂಟೆಯೂ ಅದರಲ್ಲಿರಲಿ. ಅಂದೇ ಸಂಜೆ ಅಪಘಾತವಾದರೆ ಆ ಗಂಟೆಗೆ ಬೆಲೆ ಬರುತ್ತದೆ. ಕನ್ನಡದ ಸಹಿ ಯಾವ ಕಚೇರಿಯಲ್ಲಿಯೂ ಕೀಳಲ್ಲ. ಆದರೆ ಬ್ಯಾಂಕಿನಲ್ಲಿ ಕನ್ನಡದ ಸಹಿ, ಸಾರಿಗೆ ನಮೂನೆಯಲ್ಲಿ ಮರಾಠಿಯ ಸಹಿ ಎಂದಾದರೆ ಅರ್ಜಿ ಮರಳಿ ಬರುತ್ತದೆ. ಎಲ್ಲೆಡೆ ಒಂದೇ ಇರಲಿ. ಹೆಸರು ವರ್ಗಾವಣೆಗಾಗಿ ಮಾರುವವರ ಮೊಬೈಲಿಗೆ ಬರುವ ಒಟಿಪಿಯೂ ಈಗ ಸಹಿಯಂತೆಯೇ. ಹಣ ಜಮೆಯಾಗುವ ಮುನ್ನ ಅದನ್ನು ಹೇಳಬಾರದು, ದಲಾಲಿಗಂತೂ ಎಂದಿಗೂ ಬೇಡ.

ಮೋಸವಾದರೆ

ಹಣ ಹೋಯಿತೆಂದು ತಿಳಿದ ಕ್ಷಣವೇ 1930ಕ್ಕೆ ಕರೆ ಮಾಡಿ. ಹಣ ವಂಚಕನ ಖಾತೆಯಿಂದ ಮುಂದಕ್ಕೆ ಸಾಗುವ ಮೊದಲು ತಡೆಯಲು ಈ ಸಹಾಯವಾಣಿ ಇದೆ. ಮೊದಲ ಗಂಟೆಗಳೇ ಮುಖ್ಯ. ನಾಚಿಕೆಯಿಂದ ಎರಡು ದಿನ ಮುಚ್ಚಿಟ್ಟು ಬಂದವರಿಗೆ ನೆರವಾಗುವುದು ಕಷ್ಟ. ಖಾತೆ ಸಂಖ್ಯೆ, ವ್ಯವಹಾರದ ಸಂಖ್ಯೆ, ಮೊತ್ತ, ಸಮಯ, ಎದುರಿನವನ ಮೊಬೈಲ್ ಸಂಖ್ಯೆ ಕೈಯಲ್ಲಿರಲಿ. ವಂಚಿಸಿದವನು ಕರ್ನಾಟಕದವನು, ಅಲ್ಲಿಗೇ ಹೋಗಿ ಎಂದು ಠಾಣೆಯಲ್ಲಿ ಹೇಳಿದರೆ ಒಪ್ಪಬೇಕಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಂತೆ, ಅಪರಾಧ ಯಾವ ವ್ಯಾಪ್ತಿಯಲ್ಲಿ ನಡೆದಿದ್ದರೂ ಮಾಹಿತಿಯನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು.

ಎಲ್ಲವೂ ಸುಗಮವಾಗಿ ಮುಗಿದವರಿಗೂ ಎರಡು ಕೆಲಸಗಳು ಬಾಕಿಯಿರುತ್ತವೆ. ಕೊಂಡವರು 14 ದಿನಗಳೊಳಗೆ ವಿಮೆಯನ್ನು ತಮ್ಮ ಹೆಸರಿಗೆ ಮಾಡಿಸಲು ವಿಮಾ ಕಂಪನಿಗೆ ಅರ್ಜಿ ಕೊಡಬೇಕು. ಮಾರಿದವರು ತಿಂಗಳೊಂದು ಕಳೆದ ಮೇಲೆ ಪರಿವಾಹನ್ ಜಾಲತಾಣದಲ್ಲಿ ಆ ಗಾಡಿಯ ಸಂಖ್ಯೆಯನ್ನು ಮತ್ತೊಮ್ಮೆ ಹಾಕಿ ನೋಡಬೇಕು. ಮಾಲೀಕರ ಹೆಸರಿನ ಎಲ್ಲ ಅಕ್ಷರಗಳು ಅಲ್ಲಿ ಕಾಣುವುದಿಲ್ಲ, ಆದರೂ ತಮ್ಮ ಹೆಸರು ಹೋಗಿದೆಯೋ ಇಲ್ಲವೋ ಎಂಬುದು ತಿಳಿಯುತ್ತದೆ. ಹೋಗಿರದಿದ್ದರೆ ಮಾರಾಟಪತ್ರದ ಪ್ರತಿ, 29ನೆಯ ನಮೂನೆಯ ಪ್ರತಿ ಮತ್ತು ಹಣ ಬಂದ ಪುಟದ ಪಾಸ್‌ಬುಕ್ ಪ್ರತಿಯನ್ನು ಲಗತ್ತಿಸಿ, ಗಾಡಿ ನೋಂದಣಿಯಾದ ಸಾರಿಗೆ ಕಚೇರಿಗೆ ಸ್ಪೀಡ್ ಪೋಸ್ಟ್ ಮೂಲಕ ತಿಳಿಸಿ, ಅಂಚೆಯ ರಸೀದಿಯನ್ನು ತೆಗೆದಿರಿಸಿಕೊಳ್ಳಬೇಕು.